ಹೊಳ್ಳಿ ಬಾರದ ತಾಟುಗಳು

ಮನುಷ್ಯರಿಗೆ ಏನೇನೋ ಅಂಟುರೋಗಗಳು ಬರುತ್ತವೆ. ನನಗೆ ಅಂಟುವುದು ಬೇರೆಯವರ ದನಿ. ಯಾರ ಎದುರಾದರೂ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಕೂತರೆ ಸಾಕು, ಅವರ ರಾಗ, ಅವರ ಕೆಮ್ಮು, ಮಾತಿನ ನಡುವೆ ಅವರು ಮೂಗು ಎಳೆಯುವ ರೀತಿ ಎಲ್ಲವೂ ಬಾಡಿಗೆ ಕೊಡದೆ ನನ್ನ ಗಂಟಲಲ್ಲಿ ವಾಸಕ್ಕೆ ಬಂದುಬಿಡುತ್ತವೆ. ಬೇಗಂಪೇಟೆಯ ಒಂದು ಆಫೀಸಿನಲ್ಲಿ ಫೋನು ಹಿಡಿದು ಗಿರಾಕಿಗಳ ದೂರು ಕೇಳುವುದು ನನ್ನ ಹೊಟ್ಟೆಪಾಡು. ಬೆಳಗ್ಗೆ ಯಾವನೋ ಗುಂಟೂರಿನವನು ಬೈದರೆ ಮಧ್ಯಾಹ್ನದ ಊಟಕ್ಕೆ ನಾನು ಗುಂಟೂರಿನವನಾಗಿಯೇ ಕೂರುತ್ತೇನೆ. ಸಂಜೆ ಮನೆಗೆ ಬಂದು "ಅವ್ವಾ, ನೀರು" ಎಂದರೆ, ಒಳಗಿಂದ ಅವ್ವ "ಯಾರವಾ ಬಂದವ?" ಎಂದು ಕೇಳಿದ್ದೂ ಉಂಟು. ಮ್ಯಾನೇಜರನ್ನು, ಲಿಫ್ಟಿನೊಳಗಿನ ರೆಕಾರ್ಡು ಹೆಂಗಸನ್ನು, ನಮ್ಮಪ್ಪನನ್ನು, ಕನ್ನಡಿಯಲ್ಲಿ ಕಾಣುವ ನನ್ನನ್ನೂ ಸೇರಿಸಿ ಯಾರನ್ನೂ ನಾನು ಬಿಟ್ಟಿಲ್ಲ. ಅಪ್ಪನಿಗೆ ಕೋಠಿಯ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ. ಊಟಕ್ಕೆ ಕೂತಾಗ ರೊಟ್ಟಿಯನ್ನೂ ಅವರು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಅಂಚು ನೋಡ್ರಿ ಹೆಂಗೈತಿ" ಎನ್ನುತ್ತಾರೆ. ಇಂಥ ಅಪ್ಪನನ್ನು ಪಡೆದ ಮಗ ಸುಮ್ಮನಿರುವುದಾದರೂ ಹೇಗೆ? ಆದರೆ ನನ್ನ ಮೇರುಕೃತಿ ಅಂದರೆ ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹುಬ್ಬು ಮೇಲೆತ್ತಿ, ತೋರುಬೆರಳಿನಿಂದ ಗಾಳಿಯಲ್ಲಿ ಚುಕ್ಕಿ ಇಡುತ್ತ ಅವ್ವ ಮಾತಾಡುವುದನ್ನು ನಾನು ಮಾಡಿ ತೋರಿಸಿದರೆ ನೋಡಿದವರು ಚಪ್ಪಾಳೆ ಹೊಡೆಯುತ್ತಾರೆ. ನೋಡದೇ ಇದ್ದವಳು ಅವ್ವ ಒಬ್ಬಳೇ.

ಈ ಚಾಳಿಯೇ ಒಮ್ಮೆ ನಮ್ಮ ಮನೆಯನ್ನು ಲಿಂಗಂಪಲ್ಲಿಯಿಂದ ಕೀಳಿಸಿಬಿಡುವ ಹಂತಕ್ಕೆ ತಂದಿತ್ತು. ಆದರೆ ಅದಕ್ಕೆ ಮೊದಲು ಹೈದರಾಬಾದಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಊರಿನ ಅನ್ನ ತಿಂದವನಿಗೆ ಶೋಭೆಯಲ್ಲ.

ಈ ಊರಿನಲ್ಲಿ ಸಿಗದ ವಸ್ತುವಿಲ್ಲ. ಆದರೆ ನಿಮಗೆ ಬೇಕಾದದ್ದು ಯಾವಾಗಲೂ ನಿಮ್ಮ ಮನೆಯಿಂದ ಅತಿ ದೂರದ ಮೂಲೆಯಲ್ಲೇ ಸಿಗುತ್ತದೆ. ನೀವು ಲಿಂಗಂಪಲ್ಲಿಯಲ್ಲಿದ್ದರೆ ಅದು ಬೇಗಂ ಬಜಾರಿನಲ್ಲಿರುತ್ತದೆ. ಬೇಗಂ ಬಜಾರಿಗೇ ಮನೆ ಬದಲಿಸಿದರೆ ಅದು ಮಾರನೇ ದಿನ ಸಿಕಂದರಾಬಾದಿಗೆ ಹೋಗಿ ಕೂರುತ್ತದೆ. ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವ ಒಬ್ಬ ಮನುಷ್ಯ ಇಲ್ಲಿ ಹುಟ್ಟಿಲ್ಲ. "ಅರೆ ಭಾಯ್, ಸೀದಾ ಜಾವ್, ಇದರೀಚ್ ಹೈ" ಎಂದು ನಾಲ್ಕು ದಿಕ್ಕಿಗೂ ನಾಲ್ಕು ಜನ ಕೈ ತೋರಿಸುತ್ತಾರೆ. ಮಜಾ ಏನೆಂದರೆ ತಪ್ಪು ದಿಕ್ಕಿಗೆ ಹೋದರೂ ನಷ್ಟವಿಲ್ಲ. ಮೆಣಸಿನಕಾಯಿ ಹುಡುಕಿಕೊಂಡು ಹೋದವನಿಗೆ ದಾರಿಯಲ್ಲಿ ಮಾರವಾಡಿಯ ಬಿಸಿ ಕಚೋರಿ ಸಿಗುತ್ತದೆ. ಬೆಲ್ಲಕ್ಕೆಂದು ಹೊರಟವನನ್ನು ಹುಣಸೆಹಣ್ಣು ತುಂಬಿದ ಮಿರ್ಚಿ ಬಜ್ಜಿಯ ಗಾಡಿ ತಡೆದು ನಿಲ್ಲಿಸುತ್ತದೆ. ಎಲ್ಲಾ ಮುಗಿಸಿ ಇರಾನಿ ಹೋಟೆಲಿನ ಕಲ್ಲುಹಾಸಿನ ಮೇಜಿನ ಮುಂದೆ ಕೂತು, ಉಪ್ಪೂ ಸಿಹಿಯೂ ಎರಡೂ ಆಗಿರುವ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಕಪ್ಪಿನೊಳಗೆ ಬೀಳುವ ಮುಂಚಿನ ಆ ಒಂದು ಕ್ಷಣದಲ್ಲಿ ಬಾಯಿಗಿಟ್ಟುಕೊಂಡರೆ, ಬಂದ ಕೆಲಸ ಏನಿತ್ತು ಎಂಬುದೇ ಮರೆತುಹೋಗುತ್ತದೆ. ನಾನು ಹೀಗೆ ಮರೆತು ಬರಿಗೈಯಲ್ಲಿ ಹೋದಾಗಲೆಲ್ಲ ಅವ್ವ ನನ್ನ ತುಟಿಯ ಮೇಲಿನ ಬಿಸ್ಕೀಟಿನ ಪುಡಿ ನೋಡಿ, "ಊರ್ ತುಂಬಾ ಮೇದು ಬಂತು ನೋಡ್ರಿ ಎತ್ತು" ಎಂದು ಅಪ್ಪನಿಗೆ ವರದಿ ಒಪ್ಪಿಸುತ್ತಾಳೆ.

ಮೂಲ ನಮ್ಮದು ವಿಜಯಪುರದ ಕಡೆ. ನಾನು ಹುಟ್ಟಿದ್ದು, ಬೆಳೆದದ್ದು, ಬೈಸಿಕೊಂಡದ್ದು ಎಲ್ಲಾ ಕೋಠಿಯ ಒಂದು ಓಣಿಯ ಹಳೇ ಮನೆಯಲ್ಲಿ. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು, ನಲ್ಲಿ ಕೆಮ್ಮುತ್ತಿತ್ತು. ಆದರೂ ಅವ್ವನಿಗೆ ಅದು ಅರಮನೆ. ಯಾಕೆಂದರೆ ಓಣಿಯಲ್ಲಿ ಕಲಬುರಗಿ, ಬೀದರ, ರಾಯಚೂರು ಕಡೆಯ ನಮ್ಮ ಮಂದಿ ಇದ್ದರು, ಮತ್ತು ಅಲ್ಲಿ ರೊಟ್ಟಿ ಹಬ್ಬ ನಡೆಯುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಶ್ರಾವಣದಲ್ಲಿ ನಾಗಪಂಚಮಿಗೆ ಮುಂಚೆ ನಮ್ಮ ಕಡೆ ರೊಟ್ಟಿ ಬೀರುತ್ತಾರೆ. ಕಟಕ್ ಎನ್ನುವ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೆ ಎಣ್ಣೆಗಾಯಿ ಬದನೆಕಾಯಿ, ಮಡಿಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಇಷ್ಟನ್ನು ತಾಟಿನಲ್ಲಿಟ್ಟು ಮನೆಮನೆಗೆ ಕಳಿಸುವುದು. ಅವರು ತಮ್ಮ ಮನೆಯ ರೊಟ್ಟಿಯನ್ನು ಅದೇ ತಾಟಿಗೆ ಹಾಕಿ ಹೊಳ್ಳಿ ಕಳಿಸುವುದು. ಸಂಜೆಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲ್ಲರ ರೊಟ್ಟಿ ಇರುತ್ತದೆ. ತಾಟು ಖಾಲಿ ಬರುವುದು ಅಂತ ಒಂದು ಇಲ್ಲವೇ ಇಲ್ಲ. ಬಂದರೆ ಆ ಮನೆಗೂ ನಮಗೂ ಮಾತು ಮುಗಿಯಿತು ಅಂತ ಅರ್ಥ. ಬಾರದೇ ಇದ್ದರೆ? ಅಂಥದ್ದು ಕೋಠಿಯಲ್ಲಿ ನಡೆದೇ ಇರಲಿಲ್ಲ, ಹಾಗಾಗಿ ಅದಕ್ಕೆ ಅರ್ಥವೂ ಇರಲಿಲ್ಲ.

ನನ್ನ ಆಫೀಸಿಗೆ ಲೋಕಲ್ ರೈಲಿನಲ್ಲಿ ಆರಾಮಾಗಿ ಹೋಗಬಹುದು ಎಂಬ ಒಂದೇ ಸ್ವಾರ್ಥಕ್ಕೆ ಅವರಿಬ್ಬರನ್ನೂ ನಾನೇ ಲಿಂಗಂಪಲ್ಲಿ ಸ್ಟೇಷನ್ ಹತ್ತಿರದ ಅಪಾರ್ಟ್‌ಮೆಂಟಿಗೆ ಎತ್ತಿಕೊಂಡು ಬಂದೆ. ಗೋಡೆ ಬೆವರುವುದಿಲ್ಲ, ನಲ್ಲಿ ಕೆಮ್ಮುವುದಿಲ್ಲ, ಮನುಷ್ಯರೂ ಕೆಮ್ಮುವುದಿಲ್ಲ. ಎಲ್ಲರ ಬಾಗಿಲೂ ಮುಚ್ಚಿರುತ್ತವೆ. ಅವ್ವ ಕೆಲವು ದಿನ ಬಾಗಿಲು ತೆರೆದಿಟ್ಟು ಕೂತು ನೋಡಿದಳು. ಲಿಫ್ಟು ಹತ್ತುವ ಇಳಿಯುವ ಮಂದಿಯನ್ನು ಬಿಟ್ಟರೆ ಯಾರೂ ಇಣುಕಲಿಲ್ಲ. ಶ್ರಾವಣ ಹತ್ತಿರ ಬಂದಾಗ ಊಟಕ್ಕೆ ಬಡಿಸುತ್ತ ಮೆಲ್ಲಗೆ ಬಾಂಬು ಇಟ್ಟಳು.

"ಕೋಠಿ ಮನಿ ಇನ್ನಾ ಖಾಲಿನ ಐತಂತ. ಮಾಲಕರ ಹೆಂಡ್ತಿ ಫೋನ್ ಮಾಡಿದ್ಲು."

"ಅದಕ್ಕ?" ಅಂದರು ಅಪ್ಪ.

"ಅದಕ್ಕೇನಿಲ್ಲ. ಈ ಸಲ ಇಲ್ಲಿ ರೊಟ್ಟಿ ಬೀರತೀನಿ. ತಾಟು ತುಂಬಿ ಬಂದ್ವು ಅಂದ್ರ ಇರೂಣು. ಇಲ್ಲಂದ್ರ ಪಂಚಮಿ ಮುಗಿಸ್ಕೊಂಡು ನಡೀರಿ ನಮ್ಮ ಮನಿಗೆ. ಕಲ್ಲಿಗೆ ಮಾತಾಡಿಸ್ಕೋಂತ ನಾ ಇಲ್ಲಿ ಇರಾಕಿ ಅಲ್ಲ."

ಅಪ್ಪನ ಮುಖದಲ್ಲಿ ಹೊಸ ಸೀರೆ ಬಿಚ್ಚಿದ ಬೆಳಕು ಬಂತು; ಅವರ ಅಂಗಡಿ ಕೋಠಿಯಲ್ಲೇ ತಾನೆ. ನನ್ನ ಕಣ್ಣ ಮುಂದೆ ಮಾತ್ರ ಕೋಠಿಯಿಂದ ಬೇಗಂಪೇಟೆಯ ಸಿಟಿ ಬಸ್ಸು, ಅದರ ಬಾಗಿಲಿಗೆ ಜೇನಿನಂತೆ ಜೋತಾಡುವ ಜನ, ಅವರ ನಡುವೆ ಒಂದು ಕಾಲಿನ ಮೇಲೆ ನಿಂತ ನಾನು, ಎಲ್ಲಾ ಬಂದು ಹೋಯಿತು. ಅವತ್ತಿನಿಂದ ರೊಟ್ಟಿ ಹಬ್ಬದ ಸಾಮಾನು ತರುವ ಪೂರ್ತಿ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಇಷ್ಟು ವಿಧೇಯನಾದ ಮಗನನ್ನು ನೋಡಿ ಅವ್ವ ಸಂಶಯಪಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಮೊದಲ ಏಟಿಗೆ ಹವಾನಿಯಂತ್ರಿತ ಅಂಗಡಿಯೊಂದರಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದೆ. ಮೇಲೆ ನಗುವ ರೈತನ ಚಿತ್ರವಿತ್ತು. ಅವ್ವ ಎಸರು ಹಾಕಿ ನಾದಿದಳು. ಬಡಿಯಲು ಶುರುಮಾಡಿದ್ದೇ ರೊಟ್ಟಿ ಒಡೆದು ಭಾರತದ ನಕಾಶೆಯಾಯಿತು, ಇನ್ನೊಂದು ಏಟಿಗೆ ಶ್ರೀಲಂಕಾ ಬೇರೆಯಾಯಿತು. ಅವ್ವ ಸೆರಗು ಸಿಕ್ಕಿಸಿ, ಹುಬ್ಬೆತ್ತಿ, ಬೆರಳು ಚುಚ್ಚುತ್ತ ಆ ಐತಿಹಾಸಿಕ ವಾಕ್ಯ ಹೇಳಿದಳು: "ಹಿಟ್ಟಿನಾಗ ಜಿಗಿ ಇಲ್ಲ. ಪ್ಯಾಕೆಟ್ ನಡ್ಯಾಂಗಿಲ್ಲ!" ಆ ಕ್ಷಣದ ಬೆರಳನ್ನು, ಹುಬ್ಬನ್ನು, ದನಿಯನ್ನು ನನ್ನ ಗಂಟಲು ತಕ್ಷಣ ಜಪ್ತಿ ಮಾಡಿಕೊಂಡಿತು.

ಜಿಗಿ, ಅಂದರೆ ಅಂಟು ಇರುವ ಹಿಟ್ಟು ಕೊನೆಗೆ ಸಿಕ್ಕಿದ್ದು ನಮ್ಮ ಮೂಗಿನ ಕೆಳಗೇ. ಊರಿನ ನಿಯಮವನ್ನೇ ಮುರಿದ ಪವಾಡ ಅದು. ಸ್ಟೇಷನ್ನಿನ ದಾರಿಯಲ್ಲಿ ಸಂಜೆ ಹೊತ್ತು ಯಾದಮ್ಮ ಎಂಬ ಹೆಂಗಸು ಹಂಚಿಟ್ಟುಕೊಂಡು ಜೊನ್ನ ರೊಟ್ಟೆ ಮಾಡಿ ಮಾರುತ್ತಾಳೆ. ಹೈದರಾಬಾದಿನಲ್ಲಿ ಸಕ್ಕರೆ ಕಾಯಿಲೆ ಎಷ್ಟು ಹಬ್ಬಿದೆಯೋ ಈ ರೊಟ್ಟೆಯಂಗಡಿಗಳೂ ಅಷ್ಟೇ ಹಬ್ಬಿವೆ. ಡಾಕ್ಟರರು ಚೀಟಿ ಬರೆಯುತ್ತಾರೆ, ಯಾದಮ್ಮನಂಥವರು ಔಷಧಿ ಬಡಿಯುತ್ತಾರೆ. ಪಟ ಪಟ ಎಂಬ ಆ ಸದ್ದು ಕೇಳಿದ್ದೇ ಅವ್ವ ನಡು ರಸ್ತೆಯಲ್ಲಿ ನಿಂತುಬಿಟ್ಟಳು. ಹಾವಾಡಿಗನ ಪುಂಗಿ ಕೇಳಿದ ಹಾಗೆ ತಲೆ ಆ ಕಡೆ ತಿರುಗಿತು. ಹೋಗಿ ಎದುರು ನಿಂತು ಯಾದಮ್ಮನ ಕೈ ನೋಡತೊಡಗಿದಳು.

"ಏಂದಮ್ಮಾ, ಅಟ್ಲ ಚೂಸ್ತುನ್ನವ್?" ಹಂಗ್ಯಾಕೆ ನೋಡ್ತೀಯಾ ಅಂದಳು ಯಾದಮ್ಮ.

"ಹಿಟ್ಟ ಎಲ್ಲೀದು?" ಅವ್ವ ಅಪ್ಪಟ ವಿಜಯಪುರದಲ್ಲಿ ಕೇಳಿದಳು.

"ಮಾ ಊರಿ ಜೊನ್ನಲು. ಗಿರ್ನೀಲ ಪಟ್ಟಿಚ್ಚಿನ." ನಮ್ಮೂರ ಜೋಳ, ಗಿರಣಿಯಲ್ಲಿ ಬೀಸಿಸಿದ್ದು ಎಂದು ಯಾದಮ್ಮ ಅಪ್ಪಟ ತೆಲಂಗಾಣದಲ್ಲಿ ಹೇಳಿದಳು. ಇಬ್ಬರ ನಡುವೆ ದುಭಾಷಿಯಾಗಿ ಮಿಂಚಬೇಕೆಂದು ಬಾಯಿ ತೆರೆದ ನನ್ನನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವ್ವ ಒಂದು ತುಂಡು ಮುರಿದು, ಮೂಸಿ, ಅಗಿದು ತೀರ್ಪು ಕೊಟ್ಟಳು. "ಜೋಳ ಭೇಷ್ ಅದಾವ. ರೊಟ್ಟಿ ಒಂಚೂರು ದಪ್ಪ ಆತು."

ಮಾತು ತಿಳಿಯದಿದ್ದರೂ ಅವ್ವನ ಬೆರಳು ತಿಳಿಯಿತು. ಯಾದಮ್ಮ ಹಿಟ್ಟಿನ ಉಂಡೆ ಎತ್ತಿ ಮುಂದೆ ಹಿಡಿದು, "ಅಯಿತೇ ನುವ್ವು ಚೆಯ್ಯಿ!" ಹಾಗಾದರೆ ನೀನೇ ಮಾಡು ಎಂದಳು. ಅವ್ವ ಹಿಂದೆ ಮುಂದೆ ನೋಡಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಲಿಂಗಂಪಲ್ಲಿಯ ಫುಟ್‌ಪಾತಿನ ಮೇಲೆ ಕೂತು ಬಡಿಯತೊಡಗಿದಳು. ರೊಟ್ಟಿ ಹುಣ್ಣಿಮೆ ಚಂದ್ರನಂತೆ ಬೆಳೆಯಿತು. ಆಟೋದವನೊಬ್ಬ ಅದನ್ನು ತಿಂದು, ಇನ್ನೊಂದು ಬೇಕೆಂದು, "ಈ ಅಮ್ಮ ಚೇತಿದೇ ಕಾವಾಲೆ," ಈ ಅಮ್ಮನ ಕೈಯದೇ ಬೇಕು ಎಂದು ಹಠ ಹಿಡಿದ. ಆಮೇಲೆ ಯಾದಮ್ಮ ಊರಿಗೆ ಹೋದಾಗ ಅವ್ವನಿಗೂ ಒಂದು ಚೀಲ ಜೋಳ ತಂದಳು. ನಾನು ಹತ್ತು ಅಂಗಡಿ ಸುತ್ತಿದ್ದು, ಆ್ಯಪ್ ನೋಡಿದ್ದು ಎಲ್ಲಾ ಗಾಳಿಗೆ ಹೋಯಿತು. ಅವರಿಬ್ಬರೂ ಈಗಲೂ ಒಬ್ಬರಿಗೊಬ್ಬರು ತಿಳಿಯದ ಭಾಷೆಯಲ್ಲಿ ಗಂಟೆಗಟ್ಟಲೆ ಗಂಡಂದಿರ ಮೇಲೆ ಚಾಡಿ ಹೇಳಿಕೊಳ್ಳುತ್ತಾರೆ.

ನನ್ನ ಪಾಲಿಗೆ ಉಳಿದದ್ದು ಗುರೆಳ್ಳು. ಬೇಗಂ ಬಜಾರಿನಲ್ಲಿ ಒಬ್ಬ ಕರಿ ಎಳ್ಳು ತೋರಿಸಿದ, ಇನ್ನೊಬ್ಬ ಈರುಳ್ಳಿ ಬೀಜದಂಥದ್ದೇನೋ ತೋರಿಸಿದ, ಮತ್ತೊಬ್ಬ ನನ್ನನ್ನು ಹಕ್ಕಿ ಸಾಕುವವನೆಂದು ತಿಳಿದು ಗಿಳಿ ಎಷ್ಟಿವೆ ಎಂದು ಕೇಳಿದ. ತೆಲುಗರು ಇದನ್ನು ವೆರ್ರಿ ನುವ್ವುಲು ಅನ್ನುತ್ತಾರೆ, ಮೈಸೂರು ಕಡೆಯವರು ಹುಚ್ಚೆಳ್ಳು ಅನ್ನುತ್ತಾರೆ. ವೆರ್ರಿ ಅಂದರೂ ಹುಚ್ಚೇ. ಹುಡುಕುವವನ ಅವಸ್ಥೆ ನೋಡಿಯೇ ಇಟ್ಟ ಹೆಸರಿರಬೇಕು. ಕೊನೆಗೆ ಮರಾಠಿ ಮಾತಾಡುವ ಒಬ್ಬ ಮುದುಕ ಅಂಗಡಿಯ ಒಳಮೂಲೆಯ ಡಬ್ಬಿಯಿಂದ ಮೊಗೆದು ಕೊಟ್ಟು, "ಚಟ್ನಿ ಮಾಡ್ದಾಗ ಬೆಳ್ಳುಳ್ಳಿ ಕಮ್ಮಿ ಹಾಕಬ್ಯಾಡ ಅಂತ ನಿಮ್ಮವ್ವಗ ಹೇಳು" ಎಂದ, ಕನ್ನಡದಲ್ಲೇ! ನಾನು ಖುಷಿಗೆ ಅವನ ಕಾಲಿಗೆ ಬೀಳುವವನಿದ್ದೆ. ಬದಲಿಗೆ ಪಕ್ಕದ ಗಾಡಿಯ ಮಿರ್ಚಿ ಬಜ್ಜಿಯ ಮೇಲೆ ಬಿದ್ದೆ.

ಹಬ್ಬದ ದಿನ ಅವ್ವ ನಾಲ್ಕು ಹೊಸ ಸ್ಟೀಲ್ ತಾಟು ತುಂಬಿದಳು. ಒಂದು ನಮ್ಮ ವಾಚ್‌ಮನ್ನನ ಹೆಂಡತಿ ಸಾಬವ್ವನಿಗೆ. ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಬಂದು ಇದೇ ಕಟ್ಟಡವನ್ನು ಕಾಯಲು ಉಳಿದುಕೊಂಡವರು. ಉಳಿದ ಮೂರು ನಮ್ಮ ಮಹಡಿಯ ಮೂರು ಮನೆಗೆ: ವರಂಗಲ್ಲಿನ ಪದ್ಮಕ್ಕ, ಕೇರಳದ ನರ್ಸ್ ಲೀನಾ ಚೇಚಿ, ಮತ್ತು ರೈಲ್ವೆಯಿಂದ ನಿವೃತ್ತರಾದ ಬಂಗಾಳಿ ದಾದಾ. ಕೊಂಡೊಯ್ಯುವ ಕೆಲಸ ನನ್ನದು. "ಮಂದಿಗೆ ಹಬ್ಬ ಏನು ಎತ್ತ ಅಂತ ತಿಳಿಸಿ ಹೇಳಿ ಕೊಡು ಬಸೂ. ಮಂಗ್ಯಾನಾಟ ಮಾಡಬ್ಯಾಡ" ಎಂದು ಅವ್ವ ಎಚ್ಚರಿಸಿದ್ದಳು.

ತಿಳಿಸಿಯೇ ಹೇಳಿದೆ. ಆದರೆ ಬಾಗಿಲು ತೆರೆದ ಪದ್ಮಕ್ಕನ ಮುಖ ಎಷ್ಟು ಗಂಭೀರವಾಗಿತ್ತು ಎಂದರೆ, ಸ್ವಲ್ಪ ಸಡಿಲಿಸೋಣ ಅನಿಸಿತು. ಹೆಗಲ ಮೇಲಿದ್ದ ಟವೆಲನ್ನು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ, ಹುಬ್ಬೆತ್ತಿ, ಬೆರಳಾಡಿಸಿ, ಅವ್ವನ ದನಿಯನ್ನು ಊರಿನ ಹಿಂದಿಯಲ್ಲಿ ಅದ್ದಿ ತೆಗೆದೆ. "ದೇಖೋ! ಖಾಲಿ ತಾಟ್ ನಕ್ಕೋ ಭೇಜೋ. ದುಕಾನ್ ಕಾ ಪ್ಯಾಕೆಟ್ ನಹೀಂ ಚಲೇಗಾ. ಆಪ್ ಕೇ ಗಾಂವ್ ಕೀ ಚೀಜ್ ಹೋನಾ!" ಖಾಲಿ ತಾಟು ಕಳಿಸಬೇಡಿ, ಅಂಗಡಿ ಪ್ಯಾಕೆಟ್ ನಡೆಯುವುದಿಲ್ಲ, ನಿಮ್ಮೂರಿನದೇ ಆಗಬೇಕು. ಪದ್ಮಕ್ಕ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ಒಂದು ಮನೆಯಲ್ಲಿ ಗೆದ್ದ ಆಟವನ್ನು ಇನ್ನೆರಡು ಮನೆಯಲ್ಲಿ ಆಡದೆ ಬಿಡುವ ಕಲಾವಿದ ಯಾರು? ಲೀನಾ ಚೇಚಿ ನಕ್ಕಳು. ದಾದಾ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಂಡು ನಕ್ಕರು. ನಾನು ಮನೆಗೆ ಬಂದು ಕಿವಿ ಕೆರೆಯುತ್ತ, "ಎಲ್ಲಾರಿಗೂ ಭಾಳ ಖುಷಿ ಆತವ್ವಾ" ಎಂದೆ.

ಸಾಬವ್ವನ ತಾಟು ಅಡುಗೆಮನೆಯ ಬಿಸಿ ಆರುವುದರೊಳಗೆ ಬಂತು. ಅವಳ ಕಡಕ್ ರೊಟ್ಟಿ, ಪುಂಡಿಪಲ್ಯ. ತೆಲುಗರು ಗೋಂಗೂರ ಎಂದು ಹಾಡಿ ಹೊಗಳುವ ಸೊಪ್ಪೇ ಅದು, ನಮ್ಮ ಕೈಗೆ ಬಂದರೆ ನುಚ್ಚು, ಬೆಳ್ಳುಳ್ಳಿ ಸೇರಿ ಬೇರೆಯೇ ಜಾತಕ ಪಡೆಯುತ್ತದೆ. "ತಗೋರಿ ಅಕ್ಕಾರ, ಊರಾಗ ಇದ್ದಂಗಾತು" ಎಂದು ಸಾಬವ್ವ ಕಣ್ಣೊರೆಸಿಕೊಂಡಳು. ಅವ್ವನಿಗೂ ಖುಷಿಯಾಯಿತು. ಆದರೆ ಅವಳು ಹೋದ ಮೇಲೆ, "ಅಕಿ ನಮ್ಮಾಕಿ. ಅಕಿ ಲೆಕ್ಕಕ್ಕ ಬರಾಂಗಿಲ್ಲ. ಉಳಿದ ಮೂರ ನೋಡೂಣು" ಎಂದು ಮತ್ತೆ ಬಾಗಿಲ ಕಡೆ ಮುಖ ಮಾಡಿ ಕೂತಳು.

ಸಂಜೆಯಾಯಿತು. ತಾಟು ಬರಲಿಲ್ಲ. ಲಿಫ್ಟು ನಿಂತ ಸದ್ದಾದರೆ ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು; ಯಾರೋ ಬಟ್ಟೆ ಇಸ್ತ್ರಿಯವ, ಇನ್ಯಾರೋ ಪಾರ್ಸೆಲ್ಲಿನವ. ಮರುದಿನವೂ ಬರಲಿಲ್ಲ. ಪಂಚಮಿ ಬಂತು, ಹುತ್ತಕ್ಕೆ ಹಾಲೆರೆದದ್ದಾಯಿತು, ತಂಬಿಟ್ಟು ತಿಂದದ್ದಾಯಿತು, ತಾಟು ಬರಲಿಲ್ಲ. ನಾನು ಹೋಗಿ ಕೇಳಿಕೊಂಡು ಬರಲೇ ಅಂದರೆ ಅವ್ವ ಉರಿದುಬಿದ್ದಳು. "ತಾಟು ಕೇಳಿ ತರೂದಂದ್ರ ಭಿಕ್ಷಾ ಬೇಡಿದಂಗ. ಬಾಯಿ ಮುಚ್ಕೊಂಡು ಕೂಡು."

ಅದಕ್ಕಿಂತ ಸೋಜಿಗವೆಂದರೆ ಆ ಮೂರೂ ಮನೆಯವರು ನಮ್ಮನ್ನು ಕಂಡರೆ ತಪ್ಪಿಸಿಕೊಳ್ಳತೊಡಗಿದ್ದರು. ನಾನು ಲಿಫ್ಟಿನ ಮುಂದೆ ನಿಂತದ್ದು ನೋಡಿ ದಾದಾ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದರು. ಲೀನಾ ಚೇಚಿ ಅವ್ವನನ್ನು ಕಂಡದ್ದೇ ಫೋನು ಕಿವಿಗೆ ಒತ್ತಿಕೊಂಡಳು, ಅದು ತಲೆಕೆಳಗಾಗಿತ್ತು. ಪದ್ಮಕ್ಕ ಕಸದ ಬುಟ್ಟಿ ಹೊರಗಿಟ್ಟವಳು ನಮ್ಮ ಬಾಗಿಲ ಸದ್ದು ಕೇಳಿ ಬುಟ್ಟಿಯ ಸಮೇತ ಒಳಗೋಡಿದಳು. ಒಂದು ಸಂಜೆ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ದಾದಾ ಕಂಡರು. ಬಟ್ಟೆಗೆಲ್ಲ ಮಣ್ಣು, ಕೈಯಲ್ಲಿ ಖಾಲಿ ಗೋಣಿಚೀಲ. ಮರ ಹತ್ತಿ ಬಿದ್ದವರ ಹಾಗಿದ್ದರು. "ದಾದಾ!" ಎಂದು ಕೂಗಿದೆ. ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು ಕಂಬದ ಹಿಂದೆ ಸರಿದರು. ನಿವೃತ್ತ ರೈಲ್ವೆ ನೌಕರರೊಬ್ಬರು ಸ್ಟೇಷನ್ನಿನಲ್ಲಿ ಕಳ್ಳನಂತೆ ಅಡಗುವುದನ್ನು ನಾನು ನೋಡಿದ್ದು ಅದೇ ಮೊದಲು. ನೋವಾದರೂ ಆ ಸರಿಯುವ ರೀತಿಯನ್ನು ಮನಸ್ಸು ನಕಲು ತೆಗೆದಿಟ್ಟುಕೊಂಡಿತು. ನನ್ನ ಮನಸ್ಸಿಗೆ ಮಾನವಿಲ್ಲ.

ಮನೆಯಲ್ಲಿ ನಕಲಿಗೆ ಜಾಗವಿರಲಿಲ್ಲ. ಅವ್ವ ಉಳಿದ ರೊಟ್ಟಿಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಏನ್ರೀ, ಖರೇ ಹೇಳ್ರಿ. ರೊಟ್ಟಿ ಬಿರುಸು ಆಗಿದ್ವೇನು? ಚಟ್ನಿಗೆ ಖಾರ ಜಾಸ್ತಿ ಆಗಿತ್ತೇನು? ಮಂದಿ ಬಾಯಾಗ ಇಡಾಕ ಆಗಿಲ್ಲ, ಅದಕ್ಕ ಮುಖಾ ತೋರಸವಲ್ರು."

"ರೊಟ್ಟಿ ಬನಾರಸಿ ಆಗಿದ್ವು" ಎಂದರು ಅಪ್ಪ. ಅವರಿಗೆ ತಿಳಿದ ಅತಿ ದೊಡ್ಡ ಹೊಗಳಿಕೆ ಅದು. ಅವ್ವ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ರವಿವಾರ ಬೆಳಗ್ಗೆ ಅವ್ವ ಅಟ್ಟದ ಮೇಲಿನ ಹಳೇ ರಟ್ಟಿನ ಡಬ್ಬಿಗಳನ್ನು ಇಳಿಸಿದಳು. ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಒಲೆಯ ಮೇಲಿನ ದೇವರ ಫೋಟೋ ಎಲ್ಲಾ ಒಳಗೆ ಹೋದವು. "ಬಸೂ, ಕೋಠಿ ಮಾಲಕರಿಗೆ ಫೋನ್ ಹಚ್ಚು." ನಾನು ಫೋನು ಹಚ್ಚಿದೆ. ಅದು ಆ ಕಡೆ ಗುಂಯ್ ಗುಡುತ್ತಿರುವಾಗಲೇ ಬಾಗಿಲ ಗಂಟೆ ಸದ್ದು ಮಾಡಿತು.

ಪದ್ಮಕ್ಕ. ಎರಡು ಕೈಯಲ್ಲಿ ನಮ್ಮ ತಾಟು. ತಾಟಿನ ಮೇಲೆ ಹೊಗೆಯಾಡುವ ಸರ್ವಪಿಂಡಿ: ಅಕ್ಕಿಹಿಟ್ಟು, ಕಡಲೆಬೇಳೆ, ಶೇಂಗಾ, ಎಳ್ಳು ಸೇರಿಸಿ, ದಪ್ಪ ತಳದ ಪಾತ್ರೆಯ ಒಳಮೈಗೆ ಒತ್ತಿ, ತೂತು ಹಾಕಿ, ಎಣ್ಣೆ ಬಿಟ್ಟು ಗರಿಗರಿಯಾಗಿ ಸುಟ್ಟದ್ದು. "ಏಮನುಕೋಕಂಡಿ ಆಂಟೀ," ತಪ್ಪು ತಿಳೀಬೇಡಿ ಎಂದು ಶುರುಮಾಡಿದವಳು ಒಂದೇ ಉಸುರಿಗೆ ಹಿಂದಿಯಲ್ಲಿ ಎಲ್ಲಾ ಹೇಳಿದಳು. ಇಲ್ಲಿನ ತೆಳು ಪಾತ್ರೆಯಲ್ಲಿ ಮೊದಲ ದಿನ ಸುಟ್ಟು ಕರಕಲಾಯಿತಂತೆ. ಅದಕ್ಕೆ ಅವಳ ತಾಯಿಯ ಹಳೇ ಪಾತ್ರೆಯನ್ನೇ ವರಂಗಲ್ಲಿನಿಂದ ಬಸ್ಸಿನಲ್ಲಿ ಕಳಿಸಿಕೊಂಡಳಂತೆ. ಅದು ನಿನ್ನೆಯಷ್ಟೇ ಬಂದು ಇಳಿಯಿತಂತೆ. ಅವಳ ಮಾತು ಮುಗಿಯುವ ಮುಂಚೆ ಲೀನಾ ಚೇಚಿ ಬಂದಳು. ಬಾಳೆ ಎಲೆಯಲ್ಲಿ ಮಡಿಸಿ ಬೇಯಿಸಿದ, ಒಳಗೆ ತೆಂಗು ಬೆಲ್ಲ ತುಂಬಿದ ಇಲ ಅಡ. ಎಲ್ಲಿ ಹೋದರೂ ಹರಿದ ಎಲೆಯೇ ಸಿಗುತ್ತಿತ್ತಂತೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಹೂವಿನ ಮಾರ್ಕೆಟ್ಟಿಗೆ ಹೋಗಿ, ಮದುವೆ ಮಂಟಪ ಕಟ್ಟುವವನ ಹತ್ತಿರ ಕಾಡಿ ಬೇಡಿ ಎಳೆ ಎಲೆ ತಂದಳಂತೆ. ಕೊನೆಗೆ ದಾದಾ. ತಾಟಿನಲ್ಲಿ ಕೆಂಪಗೆ ಕರಿದ ಉಂಡೆಗಳು. ಮಾಗಿದ ತಾಳೆಹಣ್ಣಿನ ತಿರುಳಿನಿಂದ ಮಾಡಿದ ತಾಲೇರ್ ಬೊಡಾ.

"ಈ ಊರಿನ ಸುತ್ತ ಎಷ್ಟು ತಾಳೆಮರ!" ದಾದಾ ನೊಂದ ಹಿಂದಿಯಲ್ಲಿ ಹೇಳಿದರು. "ಬೇಸಿಗೆಯಲ್ಲಿ ಎಳೇದಿದ್ದಾಗಲೇ ಕಿತ್ತು ತಿಂದುಬಿಡುತ್ತಾರೆ, ಉಳಿದರೆ ಹೆಂಡ ಇಳಿಸುತ್ತಾರೆ. ಹಣ್ಣು ಯಾರಿಗೂ ಬೇಡ. ಶಂಕರಪಲ್ಲಿ ಆಚೆ ಹೊಲ ಹೊಲ ಸುತ್ತಿದೆ. ಒಬ್ಬ ಹೆಂಡ ಇಳಿಸುವವನು ನನ್ನನ್ನು ಹುಚ್ಚ ಅಂದುಕೊಂಡು ಮರದ ಬುಡದಲ್ಲಿ ಬಿದ್ದದ್ದನ್ನು ಸುಮ್ಮನೆ ಕೊಟ್ಟ." ಅವತ್ತು ಸ್ಟೇಷನ್ನಿನಲ್ಲಿ ಖಾಲಿ ಚೀಲ ಹಿಡಿದು ಅಡಗಿದ್ದು ಯಾಕೆಂದು ಈಗ ತಿಳಿಯಿತು. ತಾಟು ಬಾಕಿಯಿದ್ದವರಿಗೆ ಮುಖ ತೋರಿಸಲು ನಾಚಿಕೆ.

ಅವ್ವ ಮೂರೂ ತಾಟನ್ನು ನೋಡಿದಳು, ಮೂವರನ್ನೂ ನೋಡಿದಳು. "ಇಷ್ಟ್ಯಾಕ ತ್ರಾಸ್ ತಗೊಂಡ್ರಿ? ಒಂದು ಬಾಳಿಹಣ್ಣು ಇಟ್ಟು ಕಳಿಸಿದ್ರೂ ನಡೀತಿತ್ತು" ಎಂದಳು. ನಾನು ಅದನ್ನು ಹಿಂದಿಗೆ ಮಾಡಿ ಹೇಳಿದೆ. ಹೇಳಬಾರದಿತ್ತು.

ಪದ್ಮಕ್ಕ ದಂಗಾದಳು. "ಬಾಳೆಹಣ್ಣು ನಡೀತಿತ್ತಾ? ಮತ್ತೆ ನೀವು ಹೇಳಿ ಕಳಿಸಿದ್ದು?" ಎಂದವಳೇ ಚುನ್ನಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಹುಬ್ಬು ಮೇಲೆ ಹೋಯಿತು. ತೋರುಬೆರಳು ಗಾಳಿಯಲ್ಲಿ ಚುಕ್ಕಿ ಇಟ್ಟಿತು. "ದೇಖೋ! ಖಾಲಿ ತಾಟ್ ನಕ್ಕೋ ಭೇಜೋ. ಪ್ಯಾಕೆಟ್ ನಹೀಂ ಚಲೇಗಾ!" ಲೀನಾ ಚೇಚಿ, ದಾದಾ ಇಬ್ಬರೂ ದನಿಗೂಡಿಸಿದರು: "ಆಪ್ ಕೇ ಗಾಂವ್ ಕೀ ಚೀಜ್ ಹೋನಾ!" ನಮ್ಮ ಮನೆಯ ಬಾಗಿಲಲ್ಲಿ ಮೂವರು ಅವ್ವಂದಿರು ಬೆರಳಾಡಿಸುತ್ತಿದ್ದರು, ಅದರಲ್ಲಿ ಒಬ್ಬರಿಗೆ ಮೀಸೆಯಿತ್ತು.

ಅವ್ವ 'ಇದೇನಿದು' ಎಂಬಂತೆ ನೋಡಿದಳು. "ಏನ್ರೀ, ಯಾರೀಕಿ ಹೀಂಗ ಮಾತಾಡಾಕಿ?"

"ನೀನ" ಎಂದರು ಅಪ್ಪ.

ನಾನು ಮೆಲ್ಲಗೆ ಬಾಲ್ಕನಿಯ ಕಡೆ ಸರಿದೆ. ದಾದಾರಿಂದ ಕಲಿತಿದ್ದ ಸರಿಯುವ ರೀತಿ ಉಪಯೋಗಕ್ಕೆ ಬಂತು. ಆದರೆ ಅವ್ವ ಬೈಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ತೆಗೆದಳು. ಕುತ್ತಿಗೆ ಒಂದು ಕಡೆ ವಾರೆ ಮಾಡಿದಳು. ಎಡಗೈಯಿಂದ ಕಿವಿ ಕೆರೆಯುತ್ತ, ಕಾಲು ಎಳೆಯುತ್ತ, ಕಳ್ಳ ಬೆಕ್ಕಿನಂಥ ನಗು ಹಚ್ಚಿಕೊಂಡು ಎರಡು ಹೆಜ್ಜೆ ಬಂದು ಹೇಳಿದಳು: "ಎಲ್ಲಾರಿಗೂ ಭಾಳ ಖುಷಿ ಆತವ್ವಾ!"

ನಾನೇ! ಕಾಲು ಎಳೆಯುತ್ತೇನೆ ಎಂದು ನನಗೆ ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ. ಪದ್ಮಕ್ಕ ಗೋಡೆಗೆ ಒರಗಿ ನಕ್ಕಳು, ಚೇಚಿಯ ಕಣ್ಣಲ್ಲಿ ನೀರು ಬಂತು, ದಾದಾ ಹಲ್ಲಿನ ಸೆಟ್ಟು ಮತ್ತೆ ಕೈಗೆ ತೆಗೆದುಕೊಂಡರು. ನನ್ನ ಇಡೀ ವೃತ್ತಿಜೀವನದಲ್ಲಿ ನನಗೆ ಅಂಥ ನಗು ಸಿಕ್ಕಿಲ್ಲ. ಈ ಚಾಳಿ ನನಗೆ ಎಲ್ಲಿಂದ ಬಂತು ಎಂದು ಅಪ್ಪ ಆಗಾಗ ಕೇಳುತ್ತಿದ್ದರು. ಅವತ್ತು ಅವರು ನನ್ನನ್ನೂ ಅವ್ವನನ್ನೂ ಒಮ್ಮೆ ನೋಡಿ, ಆಮೇಲೆ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟರು. ನನ್ನ ಕೈಯಲ್ಲಿದ್ದ ಫೋನಿನಿಂದ ಕೋಠಿಯ ಮಾಲಕರು "ಹಲೋ, ಹಲೋ" ಎನ್ನುತ್ತಲೇ ಇದ್ದರು. ಅವ್ವ ಅದನ್ನು ಕಿತ್ತುಕೊಂಡು, "ಏನಿಲ್ರಿ, ಸುಮ್ಮ ಮಾತಾಡ್ಸೂಣಂತ ಹಚ್ಚಿದ್ವಿ. ಮನಿ ಬ್ಯಾರೇದವ್ರಿಗೆ ಕೊಟ್ಟಬಿಡ್ರಿ" ಎಂದಳು. ಹಂಚು ಡಬ್ಬಿಯಿಂದ ಮತ್ತೆ ಒಲೆಗೆ ಬಂತು.

ಎಲ್ಲರೂ ನೆಲದ ಮೇಲೆ ಕೂತು ತಿಂದೆವು. ಸರ್ವಪಿಂಡಿಯ ಗರಿಗರಿ ತುಂಡಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡರೆ ಹೇಗಿರುತ್ತದೆ ಎಂದು ಬರೆಯಲು ಹೋಗುವುದಿಲ್ಲ. ಬರೆದರೆ ನೀವು ಲಿಂಗಂಪಲ್ಲಿಗೆ ಬಂದುಬಿಡುತ್ತೀರಿ, ನಮ್ಮ ಹತ್ತಿರ ಇನ್ನು ತಾಟುಗಳಿಲ್ಲ. ತಾಲೇರ್ ಬೊಡಾ ತಿಂದ ಅವ್ವ ಇದು ನಮ್ಮ ಬೆಲ್ಲದ ಗಾರಿಗೆಯ ತಂಗಿಯೇ ಎಂದು ಸಂಬಂಧ ಹಚ್ಚಿದಳು.

ಸಂಬಂಧವಾದ ಮೇಲೆ ಲೆಕ್ಕವೂ ಬೆಳೆಯಿತು. ಇಲ ಅಡದ ಜೊತೆ ಚೇಚಿ ತನ್ನದೇ ಒಂದು ಡಬ್ಬಿಯಲ್ಲಿ ಉಪ್ಪಿನಕಾಯಿ ತಂದಿದ್ದಳು. ಪದ್ಮಕ್ಕ ಎಣ್ಣೆ ಸೋರಬಾರದೆಂದು ತನ್ನ ಮುಚ್ಚಳದ ತಟ್ಟೆ ಮುಚ್ಚಿದ್ದಳು. ದಾದಾ ಮಾಡಿದ್ದು ಹೆಚ್ಚಾಗಿ ಒಂದು ಬೋಗುಣಿಯನ್ನೂ ಹಿಡಿದು ಬಂದಿದ್ದರು. ಮೂರೂ ನಮ್ಮ ಮನೆಯಲ್ಲೇ ಉಳಿದಿವೆ. ಖಾಲಿ ಕಳಿಸುವ ಹಾಗಿಲ್ಲವಲ್ಲ. ಅವ್ವ ನನ್ನ ಕೈಗೆ ಚೀಲ ಕೊಟ್ಟಳು.

ಹಾಗಾಗಿ ಮುಂದಿನ ಶನಿವಾರ ನಾನು ಮತ್ತೆ ಲೋಕಲ್ ರೈಲಿನಲ್ಲಿ ಕೂತಿದ್ದೆ. ಎದುರಿನ ಸೀಟಿನಲ್ಲಿ ದಾದಾ, ಅವರ ತೊಡೆಯ ಮೇಲೂ ಚೀಲ. ಎಲ್ಲಿಗೆ ಎಂದರು. ಬೇಗಂ ಬಜಾರಿಗೆ ಗುರೆಳ್ಳು ತರಲು, ಆದರೆ ಅಷ್ಟು ದೂರ ಯಾರು ಹೋಗುತ್ತಾರೆ, ಇಲ್ಲೇ ಬೇಗಂಪೇಟೆಯ ದೊಡ್ಡ ಅಂಗಡಿಯಲ್ಲಿ ಸಿಗುತ್ತೇನೋ ನೋಡುತ್ತೇನೆ ಎಂದೆ. ದಾದಾ ಸುತ್ತ ನೋಡಿದರು. ಚೀಲ ಕೆಳಗಿಟ್ಟರು. ಬಿಳಿ ಹುಬ್ಬು ಒಂದು ನಿಧಾನವಾಗಿ ಮೇಲೆದ್ದಿತು. ತುಂಬಿದ ಬೋಗಿಯಲ್ಲಿ, ನನ್ನ ಮೂಗಿನ ನೇರಕ್ಕೆ ಬೆರಳು ಬಂತು.

"ಪ್ಯಾಕೆಟ್ ನಹೀಂ ಚಲೇಗಾ!"

ದನಿ ಅವ್ವನದೇ. ನನಗಿಂತ ಚೆನ್ನಾಗಿತ್ತು.